‘ತುಂಬ’ ಎಂದರೆ ಎಷ್ಟು? ಇಂಗ್ಲಿಷಿನ ಪ್ರಮಾಣಸೂಚಕ ಪದಗಳು ಮತ್ತು ನಾವು

(ಡಲ್ಲಾಸ್, ಆಸ್ಟಿನ್ ಮತ್ತು ಹ್ಯೂಸ್ಟನ್ ನಗರಗಳ ಕನ್ನಡ ಬಂಧುಗಳ ಮುಂದೆ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರಜಾದಿನದ ಮಧ್ಯಾಹ್ನ ವ್ಯಾಕರಣದ ವಿಷಯವನ್ನು ಎತ್ತಿಕೊಳ್ಳುವುದು ಭಾಷಣಕಾರನಿಗೂ ಕೇಳುವವರಿಗೂ ಒಂದು ಪರೀಕ್ಷೆ. ಆದರೂ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಟೆಕ್ಸಾಸಿನಲ್ಲಿ ನೆಲೆಸಿರುವ ನಮ್ಮವರು ಇಂಗ್ಲಿಷಿನ ಕಾಲ, ಲಿಂಗ, ವಚನಗಳನ್ನೆಲ್ಲ ಗೆದ್ದಿದ್ದಾರೆ. ಆಪರೇಷನ್ ಕೋಣೆಯಲ್ಲಿ, ಪ್ರಯೋಗಾಲಯದಲ್ಲಿ, ನ್ಯಾಯಾಲಯದಲ್ಲಿ ಆ ಭಾಷೆಯಿಂದಲೇ ಅನ್ನ ಸಂಪಾದಿಸುತ್ತಿದ್ದಾರೆ. ಆದರೆ ‘ವೆರಿ’, ‘ಟೂ’, ‘ಕ್ವೈಟ್’, ‘ಎ ಲಿಟಲ್’ ಮುಂತಾದ ಒಂದು ಪುಟ್ಟ ಗುಂಪಿನ ಪದಗಳು ಮಾತ್ರ ಹಳೆಯ ಬಾಡಿಗೆದಾರರಂತೆ ನಮ್ಮ ಬಾಯಲ್ಲಿ ಕನ್ನಡದ ಕರಾರಿನ ಮೇಲೆಯೇ ಉಳಿದುಕೊಂಡಿವೆ.

ಶಾಲೆಯಲ್ಲಿ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಓದಿದವರಿಗೆ ‘ಆಡ್ವರ್ಬ್ಸ್ ಆಫ್ ಡಿಗ್ರೀ’ ಎಂಬ ಹೆಸರು ನೆನಪಿರಬಹುದು. ಒಂದು ಗುಣ ಅಥವಾ ಕ್ರಿಯೆ ಎಷ್ಟರ ಮಟ್ಟಿಗೆ ಇದೆ ಎಂಬುದನ್ನು ಹೇಳುವ ಕ್ರಿಯಾವಿಶೇಷಣಗಳು ಇವು. ಕಾಫಿ ಬಿಸಿಯಾಗಿದೆ ಎಂದರೆ ಸಂಗತಿ ತಿಳಿಯಿತು. ಎಷ್ಟು ಬಿಸಿ ಎಂದು ತಿಳಿದಾಗ ಮಾತ್ರ ಬಟ್ಟಲನ್ನು ತುಟಿಗೆ ಹಚ್ಚುವುದೋ ಬೇಡವೋ ಎಂಬ ನಿರ್ಧಾರ ಸಾಧ್ಯ. ಹೀಗೆ ನಿರ್ಧಾರ ಮಾಡಿಸುವ ಪದಗಳಾದ್ದರಿಂದಲೇ ಇವುಗಳ ಮೇಲೆ ಒಂದು ಗಂಟೆ ಕಳೆಯುವುದು ತಪ್ಪಲ್ಲ ಎಂದುಕೊಂಡಿದ್ದೇನೆ.

ಮೊದಲು ಈ ಪದಗಳು ಎಲ್ಲಿಂದ ಬಂದವು ಎಂಬುದನ್ನು ನೋಡೋಣ. ಇದು ನನಗೆ ಬಲು ಪ್ರಿಯವಾದ ಭಾಗ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ‘ವೆರಿ’ ಎಂಬುದು ಹುಟ್ಟಿನಿಂದ ಪ್ರಮಾಣದ ಪದವಲ್ಲ. ಲ್ಯಾಟಿನ್ನಿನ ‘ವೆರುಸ್’, ಅಂದರೆ ನಿಜ, ಹಳೆಯ ಫ್ರೆಂಚಿನಲ್ಲಿ ‘ವೆರೈ’ ಆಗಿ, ಇಂಗ್ಲಿಷಿಗೆ ‘ದಿಟವಾದ’ ಎಂಬ ಅರ್ಥದಲ್ಲಿ ಬಂದಿತು. ‘ದಿ ವೆರಿ ಮ್ಯಾನ್’ ಎಂದಾಗ ಆ ಹಳೆಯ ಅರ್ಥ ಇಂದಿಗೂ ಕಾಣುತ್ತದೆ. ಅದನ್ನು ನಾವು ‘ಆ ಮನುಷ್ಯನೇ’ ಎಂದು ಒಂದು ಏಕಾರದಿಂದ ಮುಗಿಸುತ್ತೇವೆ. ‘ನಿಜವಾಗಿ ಚೆಂದ’ ಎನ್ನುತ್ತ ಎನ್ನುತ್ತ ನಿಜ ಸವೆದು ‘ಬಹಳ’ ಮಾತ್ರ ಉಳಿಯಿತು. ‘ರಿಯಲಿ’, ‘ಟ್ರೂಲಿ’ ಎಂಬ ಪದಗಳೂ ಅದೇ ದಾರಿಯಲ್ಲಿ ನಡೆದಿವೆ. ‘ವೆರಿ’ ಬರುವ ಮೊದಲು ಹಳೆಯ ಇಂಗ್ಲಿಷಿನವರು ಬಳಸುತ್ತಿದ್ದ ಪದದ ಮೂಲಾರ್ಥ ‘ಬಲವಾಗಿ’ ಎಂದು. ಅದರ ಜೊತೆಗೆ ‘ಫುಲ್’ ಎಂಬುದನ್ನೂ ಇದೇ ಕೆಲಸಕ್ಕೆ ಹಚ್ಚುತ್ತಿದ್ದರು. ‘ಫುಲ್ ವೆಲ್’ ಎಂಬ ನುಡಿಗಟ್ಟಿನಲ್ಲಿ ಅದು ಇನ್ನೂ ಇದೆ.

ಈಗ ನಮ್ಮ ಕಡೆ ತಿರುಗಿ ನೋಡಿ. ‘ತುಂಬ’ ಎಂಬುದು ತುಂಬು ಧಾತುವಿನ ಮಗು, ಅಂದರೆ ಇಂಗ್ಲಿಷಿನ ಆ ‘ಫುಲ್’ ಪದದ ತದ್ರೂಪ. ‘ಕಡುಬಡವ’, ‘ಕಡುಗೆಂಪು’ ಎಂಬಲ್ಲಿರುವ ‘ಕಡು’ವಿನಲ್ಲಿ ಬಲವೂ ಬಿರುಸೂ ಇವೆ. ಬೆಂಗಳೂರಿನ ಕಾಲೇಜು ಮಕ್ಕಳ ‘ಸಖತ್’ ಪಾರಸಿಯಿಂದ ಉರ್ದುವಿನ ಮೂಲಕ ಬಂದ ‘ಸಖ್ತ್’, ಅಂದರೆ ಗಟ್ಟಿ. ಹಿರಿಯರು ಮೂಗು ಮುರಿಯುವ ‘ಸಖತ್’ ಮತ್ತು ಹಿರಿಯರು ಮೆಚ್ಚುವ ‘ಕಡು’ ಹೀಗೆ ಒಂದೇ ದಾರಿಯ ಪಯಣಿಗರು. ಕರಾವಳಿಯವರ ‘ಭಾರೀ’ ತೂಕದಿಂದ ಬಂದಿತು. ‘ಭಯಂಕರ ಚೆನ್ನಾಗಿದೆ’ ಎನ್ನುವವರನ್ನು ನೀವು ಕೇಳಿರಬಹುದು. ಇಂಗ್ಲಿಷಿನವರೂ ‘ಟೆರಿಬ್ಲಿ ನೈಸ್’, ‘ಆಫುಲಿ ಗುಡ್’ ಎಂದು ಭಯವನ್ನು ಹೊಗಳಿಕೆಯ ಕೆಲಸಕ್ಕೆ ಹಚ್ಚಿದ್ದಾರೆ. ಜರ್ಮನರ ‘ಜೇರ್’ ಎಂಬ ಪದಕ್ಕೂ ಇಂಗ್ಲಿಷಿನಲ್ಲಿ ಗಾಯದ ನೋವನ್ನು ಹೇಳುವ ‘ಸೋರ್’ ಪದಕ್ಕೂ ಮೂಲ ಒಂದೇ. ಸತ್ಯ, ತುಂಬುವಿಕೆ, ಗಟ್ಟಿತನ, ತೂಕ, ಭಯ, ನೋವು: ‘ಬಹಳ’ ಎನ್ನಲು ಮನುಷ್ಯನು ದೇಶದೇಶಗಳಲ್ಲಿ ಹುಡುಕಿಕೊಂಡ ಸಾಮಗ್ರಿ ಹೆಚ್ಚು ಕಡಿಮೆ ಇಷ್ಟೇ.

ಸಾಮಗ್ರಿ ಬೇಗ ಸವೆಯುತ್ತದೆ, ಆದ್ದರಿಂದ ಹೊಸ ಪದ ಬೇಕಾಗುತ್ತದೆ. ಹಳಗನ್ನಡದ ಕವಿಗಳು ‘ಕರಂ’ ಎಂದರು, ‘ಪಿರಿದುಂ’ ಎಂದರು. ಧಾರವಾಡದವರು ‘ಭಾಳ’ ಎಂದರೆ ಮಂಡ್ಯದ ಹಳ್ಳಿಗಳಲ್ಲಿ ‘ಬೋ’ ಎನ್ನುತ್ತಾರೆ, ‘ಸ್ಯಾನೆ’ ಎನ್ನುತ್ತಾರೆ. ಸಂಸ್ಕೃತದ ಅಮರಕೋಶವು ಭೃಶ, ಗಾಢ, ತೀವ್ರ, ನಿತಾಂತ, ದೃಢ ಮೊದಲಾದವುಗಳನ್ನು ಒಂದೇ ಕಡೆ ಕೂಡಿಸಿಟ್ಟಿದೆ. ಇಂಗ್ಲಿಷಿಗೆ ಅಂಥ ಸಂಗ್ರಹವನ್ನು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದರು. ಅದೇ ಇಂದು ನಿಮ್ಮ ಮಕ್ಕಳ ಮೇಜಿನ ಮೇಲಿರುವ ಥೆಸಾರಸ್.

ಟೆಕ್ಸಾಸಿನ ಇಂಗ್ಲಿಷಿಗೂ ಈ ವಿಷಯದಲ್ಲಿ ತನ್ನದೇ ಸೊಗಸಿದೆ. ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿದ್ದ ಬ್ಯಾಗ್ಬಿ ಆಟ್‌ವುಡ್ ಎಂಬ ವಿದ್ವಾಂಸರು ಈ ರಾಜ್ಯದ ಆಡುಮಾತಿನ ಪದಸಂಪತ್ತನ್ನು ಕುರಿತ ತಮ್ಮ ಗ್ರಂಥವನ್ನು 1962ರಲ್ಲಿ ಹೊರತಂದರು. ಆಡುನುಡಿಯನ್ನು ‘ತಪ್ಪು ಇಂಗ್ಲಿಷ್’ ಎಂದು ತಳ್ಳಿಹಾಕದೆ ಅಭ್ಯಸಿಸಿದ ಕೆಲಸ ಅದು. ಇಲ್ಲಿನ ಹಿರಿಯರೊಬ್ಬರು ‘ರೈಟ್ ನೈಸ್’ ಎಂದರೆ ಅದು ಬಹು ಹಳೆಯ ಇಂಗ್ಲಿಷ್ ಬಳಕೆಯ ಉಳಿಕೆ. ‘ಮೈಟಿ ಫೈನ್’ ಎಂಬಲ್ಲಿ ಮತ್ತೆ ಬಲ ಬಂದಿತು. ‘ಪ್ಲಂಬ್ ಟಯರ್ಡ್’ ಎಂಬಲ್ಲಿ ಇರುವುದು ಸೀಸ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಅದು. ಆ ಗುಂಡು ನೇರವಾಗಿ ತಳಕ್ಕೆ ಹೋದಂತೆ ದಣಿವೂ ತಳಮುಟ್ಟಿದೆ ಎಂದು ತಾತ್ಪರ್ಯ. ‘ರಿಯಲ್ ಗುಡ್’ ಎಂದು ನೆರೆಯವರು ಹೇಳಿದಾಗ ‘ರಿಯಲಿ’ ಎನ್ನಬೇಕಿತ್ತಲ್ಲ ಎಂದು ಮನಸ್ಸಿನಲ್ಲೇ ತಿದ್ದುವ ನಮ್ಮವರಿದ್ದಾರೆ. ತಿದ್ದಬೇಡಿ. ಪರೀಕ್ಷೆಯ ಉತ್ತರದಲ್ಲಿ ಬರೆಯಬೇಡಿರೆಂದು ಮಕ್ಕಳಿಗೆ ಹೇಳಿದರೆ ಸಾಕು.

ಇನ್ನು ನಮ್ಮ ತೊಡಕುಗಳು. ಎಲ್ಲಕ್ಕಿಂತ ದೊಡ್ಡದು ‘ವೆರಿ’ ಮತ್ತು ‘ಟೂ’ಗಳ ನಡುವಣದು. ಕನ್ನಡದಲ್ಲಿ ‘ಕಾಫಿ ತುಂಬ ಬಿಸಿ’ ಎಂದರೆ ಎರಡೂ ಅರ್ಥವಾಗಬಹುದು: ಚೆನ್ನಾಗಿ ಬಿಸಿಯಾಗಿದೆ, ಬನ್ನಿ ಎಂತಲೂ, ಕುಡಿಯಲಾಗದಷ್ಟು ಬಿಸಿ, ಆರಲಿ ಎಂತಲೂ. ಸಂದರ್ಭವೂ ಧ್ವನಿಯೂ ಅರ್ಥವನ್ನು ಬೇರ್ಪಡಿಸುತ್ತವೆ. ಖಚಿತವಾಗಿ ಹೇಳಬೇಕಾದರೆ ‘ಕುಡಿಯಲಾರದಷ್ಟು’ ಎಂದು ಒಂದು ಪದವನ್ನೇ ಕಟ್ಟುತ್ತೇವೆ. ಇಂಗ್ಲಿಷು ಈ ಎರಡಕ್ಕೂ ಬೇರೆ ಬೇರೆ ಮನೆ ಕೊಟ್ಟಿದೆ. ‘ಟೂ’ ಎಂದರೆ ಮಿತಿ ದಾಟಿದೆ, ಅದರಿಂದ ಏನೋ ತೊಂದರೆಯಾಗಿದೆ ಎಂದರ್ಥ. ಸಂಸ್ಕೃತದ ‘ಅತಿ’ಯಲ್ಲಿ ಈ ಎಚ್ಚರಿಕೆ ಇತ್ತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಉಳಿದದ್ದು ಅದರಿಂದಲೇ. ಆದರೆ ‘ಅತಿ ಸುಂದರ’, ‘ಅತಿ ಉತ್ತಮ’ ಎಂದು ಹೊಗಳಿಕೆಗೆ ಬಳಸಿ ಬಳಸಿ ಅದರ ಮೊನೆಯನ್ನೂ ಮೊಂಡು ಮಾಡಿಕೊಂಡೆವು. ಆದ್ದರಿಂದ ನಮ್ಮ ಬಾಯಲ್ಲಿ ‘ಟೂ ಗುಡ್’ ಎಂಬುದು ಹೊಗಳಿಕೆಯ ಶಿಖರ. ಬೆಂಗಳೂರಿನಲ್ಲಿ ಅದು ಹಾಗೆಯೇ ಸಲ್ಲುತ್ತದೆ, ಅದು ಅಲ್ಲಿನ ಇಂಗ್ಲಿಷು. ಇಲ್ಲಿ ಮನೆ ಕೊಳ್ಳಲು ಬಂದ ದಂಪತಿಗಳು ದಲ್ಲಾಳಿಯ ಮುಂದೆ ‘ಈ ಅಡುಗೆಮನೆ ಟೂ ಬಿಗ್’ ಎಂದರೆ ಆತ ಮುಂದಿನ ವಾರ ಸಣ್ಣ ಅಡುಗೆಮನೆಯ ಮನೆಗಳನ್ನೇ ತೋರಿಸುತ್ತಾನೆ. ಅವನು ಕಿವುಡನಲ್ಲ, ಕೇಳಿದ್ದನ್ನೇ ಕೇಳಿಸಿಕೊಂಡಿದ್ದಾನೆ.

‘ಇನಫ್’ ಎಂಬುದರ ತೊಡಕು ಸ್ಥಾನದ್ದು. ‘ಸಾಕಷ್ಟು ದೊಡ್ಡದು’ ಎಂಬ ಕನ್ನಡದ ಅನುಕ್ರಮವನ್ನೇ ಇಟ್ಟುಕೊಂಡು ‘ಇನಫ್ ಬಿಗ್’ ಎನ್ನುತ್ತೇವೆ. ಗುಣವಾಚಕದ ಜೊತೆಗೆ ಅದು ಹಿಂದೆ ನಿಲ್ಲಬೇಕು: ‘ಬಿಗ್ ಇನಫ್’. ನಾಮಪದದ ಜೊತೆಗೆ ಮುಂದೆ: ‘ಇನಫ್ ರೈಸ್’. ಮಕ್ಕಳು ಇದನ್ನು ಎಂದೂ ತಪ್ಪುವುದಿಲ್ಲ, ತಂದೆ ತಾಯಿಯರು ಎಂದೂ ಸರಿ ಮಾಡುವುದಿಲ್ಲ. ಮನೆಯಲ್ಲಿ ಮಕ್ಕಳಿಗೆ ನಗಲು ಒಂದು ಕಾರಣವಿರಲಿ, ಬಿಡಿ.

‘ಹಾರ್ಡ್’ ಮತ್ತು ‘ಹಾರ್ಡ್ಲಿ’ಗಳದು ಮಾತ್ರ ನಗುವ ವಿಷಯವಲ್ಲ. ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣ ಎಂಬ ಶಾಲೆಯ ಸೂತ್ರವನ್ನು ನಂಬಿ, ಶ್ರಮಪಟ್ಟು ದುಡಿಯುತ್ತಾನೆ ಎನ್ನಬೇಕಾದಲ್ಲಿ ‘ಹಾರ್ಡ್ಲಿ ವರ್ಕ್ಸ್’ ಎಂದು ಶಿಫಾರಸು ಪತ್ರದಲ್ಲಿ ಬರೆದರೆ, ದುಡಿಯುವುದೇ ಅಪರೂಪ ಎಂದು ಬರೆದಂತಾಯಿತು. ‘ಹಾರ್ಡ್ಲಿ’ ತನ್ನೊಳಗೇ ನಿಷೇಧವನ್ನು ಇಟ್ಟುಕೊಂಡಿರುವುದರಿಂದ ಅದರ ಪಕ್ಕದಲ್ಲಿ ಇನ್ನೊಂದು ‘ನಾಟ್’ ಹಾಕಬಾರದು ಎಂಬುದೂ ನೆನಪಿರಲಿ.

‘ಕ್ವೈಟ್’ ಪದದ ವಿಷಯ ಇನ್ನೂ ಸೂಕ್ಷ್ಮ. ನಮಗೆ ಇಂಗ್ಲಿಷ್ ಕಲಿಸಿದ್ದು ಬ್ರಿಟಿಷ್ ಪರಂಪರೆ. ಅಲ್ಲಿ ‘ಕ್ವೈಟ್ ಗುಡ್’ ಎಂದರೆ ಸಾಮಾನ್ಯವಾಗಿ ‘ಪರವಾಗಿಲ್ಲ’ ಎಂಬಷ್ಟೇ ಅರ್ಥ. ಅಮೆರಿಕದಲ್ಲಿ ಅದೇ ಮಾತು ‘ಬಹಳ ಚೆನ್ನಾಗಿದೆ’ ಎಂಬುದರ ಸಮೀಪಕ್ಕೆ ಬರುತ್ತದೆ. ಬ್ರಿಟಿಷ್ ಮೂಲದ ತೈಲ ಸಂಸ್ಥೆಗಳ ದೊಡ್ಡ ಕಚೇರಿಗಳು ಹ್ಯೂಸ್ಟನ್ನಿನಲ್ಲಿವೆ. ಅಲ್ಲಿ ಒಂದೇ ಮೇಜಿನ ಸುತ್ತ ಲಂಡನ್ನಿನವರೂ ಟೆಕ್ಸಾಸಿನವರೂ ಮೈಸೂರಿನವರೂ ಕುಳಿತಿರುವಾಗ ಒಂದು ‘ಕ್ವೈಟ್ ಗುಡ್’ ಮೂರು ಬಗೆಯಲ್ಲಿ ಮನೆಗೆ ಹೋಗುತ್ತದೆ. ಒಬ್ಬರಿಗೆ ಬಡ್ತಿಯ ಕನಸು, ಇನ್ನೊಬ್ಬರಿಗೆ ನಿದ್ರೆಯಿಲ್ಲದ ರಾತ್ರಿ. ‘ಪೂರ್ಣವಾಗಿ’ ಎಂಬ ಮೂರನೆಯ ಅರ್ಥವೂ ಇದೆ: ‘ಕ್ವೈಟ್ ಇಂಪಾಸಿಬಲ್’ ಎಂದರೆ ಎರಡು ದೇಶಗಳಲ್ಲೂ ಸಾಧ್ಯವೇ ಇಲ್ಲ ಎಂದೇ ಅರ್ಥ. ಒಂದೇ ಪದ ಇಷ್ಟು ಆಟವಾಡಬಹುದೇ ಎಂದು ಬೇಸರಪಡುವ ಮೊದಲು ನಮ್ಮ ‘ಸುಮಾರು’ ಪದವನ್ನು ನೆನೆಯಿರಿ. ‘ಸುಮಾರು ಐವತ್ತು ಜನ’ ಎಂದರೆ ಅಂದಾಜು, ‘ಸುಮಾರು ಜನ ಬಂದಿದ್ದರು’ ಎಂದರೆ ಸಾಕಷ್ಟು ಹೆಚ್ಚು ಜನ, ‘ಅಡುಗೆ ಸುಮಾರಾಗಿತ್ತು’ ಎಂದರೆ ಆ ಮನೆಗೆ ಇನ್ನೊಮ್ಮೆ ಹೋಗಬೇಕಾಗಿಲ್ಲ.

ಕೆಲವು ಪದಗಳ ಮುಂದೆ ‘ವೆರಿ’ ನಿಲ್ಲುವುದೇ ಇಲ್ಲ. ತುದಿ ಮುಟ್ಟಿದ ಗುಣಕ್ಕೆ ಇನ್ನೆಷ್ಟು ಏರಿಸುವುದು? ‘ವೆರಿ ಎಕ್ಸಲೆಂಟ್’ ಎಂಬುದು ‘ತುಂಬ ಅತ್ಯುತ್ತಮ’ ಎಂದಂತೆ. ಅಲ್ಲಿ ‘ಅಬ್ಸಲ್ಯೂಟ್ಲಿ’ ಸಲ್ಲುತ್ತದೆ. ಇಲ್ಲಿಯ ಶಾಲೆಗಳಲ್ಲಿ ಅಧ್ಯಾಪಕರು ಮಕ್ಕಳಿಗೆ ‘ವೆರಿ ಟಯರ್ಡ್’ ಎನ್ನುವ ಬದಲು ‘ಎಕ್ಸಾಸ್ಟೆಡ್’ ಎನ್ನಲು ಹೇಳುತ್ತಾರೆ. ‘ತುಂಬ ದಣಿದ’ ಎಂಬುದರ ಬದಲು ‘ಬಸವಳಿದ’ ಎಂದಂತೆ. ಸಲಹೆ ಒಳ್ಳೆಯದೇ. ಆದರೆ ಮಕ್ಕಳು ಅಲ್ಲಿಂದ ನೇರವಾಗಿ ಥೆಸಾರಸ್ಸಿಗೆ ಹಾರಿ ಪ್ರತಿಯೊಂದು ‘ವೆರಿ’ಯ ಜಾಗದಲ್ಲೂ ‘ಎಕ್ಸೀಡಿಂಗ್ಲಿ’ ನೆಡುತ್ತಾರೆ. ಈ ರಾಜ್ಯದ ಭಾರತೀಯ ಮೂಲದ ಮಕ್ಕಳ ಪದಜ್ಞಾನ ಸಾಮಾನ್ಯವಲ್ಲ. ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯನ್ನು 2018ರಲ್ಲಿ ಮೆಕಿನ್ನಿಯ, 2022ರಲ್ಲಿ ಸ್ಯಾನ್ ಆಂಟೋನಿಯೋದ, 2025ರಲ್ಲಿ ಅಲೆನ್ನಿನ ಮಕ್ಕಳು ಗೆದ್ದಿದ್ದಾರೆ. ಆದರೆ ಪದದ ಅಕ್ಷರ ತಿಳಿಯುವುದು ಬೇರೆ, ಅದರ ಸಂಬಂಧಿಕರು ಯಾರೆಂದು ತಿಳಿಯುವುದು ಬೇರೆ. ಇಂಗ್ಲಿಷಿನಲ್ಲಿ ವಿಷಾದ ‘ಡೀಪ್ಲಿ’, ನಿರಾಶೆ ‘ಬಿಟರ್ಲಿ’, ಶಿಫಾರಸು ‘ಸ್ಟ್ರಾಂಗ್ಲಿ’, ಅರ್ಹತೆ ‘ಹೈಲಿ’, ನಿದ್ರೆ ‘ಫಾಸ್ಟ್’. ಅರ್ಥ ಒಂದೇ ಎಂದು ಅದಲುಬದಲು ಮಾಡಿದರೆ ಮದುವೆಗಳು ಮುರಿಯುತ್ತವೆ. ನಾವೂ ‘ಗಾಢ ನಿದ್ರೆ’ ಎನ್ನುತ್ತೇವೆ, ‘ಕಡು ನಿದ್ರೆ’ ಎನ್ನುವುದಿಲ್ಲ. ಬಡವನಿಗೆ ‘ಕಡು’ ಸಲ್ಲುತ್ತದೆ, ಶ್ರೀಮಂತನಿಗೆ ‘ಆಗರ್ಭ’ ಬೇಕು. ಇಂಗ್ಲಿಷಿನವರು ಬಡವನನ್ನು ಮಣ್ಣಿಗೆ ಹೋಲಿಸಿ ‘ಡರ್ಟ್ ಪೂರ್’ ಎಂದು, ಶ್ರೀಮಂತನನ್ನು ಕೊಳೆಗೆ ಹೋಲಿಸಿ ‘ಫಿಲ್ದಿ ರಿಚ್’ ಎಂದು ಇಬ್ಬರನ್ನೂ ಸಮಾನವಾಗಿ ಗೌರವಿಸಿದ್ದಾರೆ.

ಇಷ್ಟು ಹೊತ್ತು ನಕ್ಕದ್ದಾಯಿತು. ಈ ಪದಗಳ ಮೇಲೆ ಪ್ರಾಣ ನಿಂತಿರುವ ಸಂದರ್ಭಗಳೂ ಇವೆ. ಅಂಥ ಮೂರನ್ನು ಹೇಳುತ್ತೇನೆ. ಮೂರೂ ಈ ನೆಲದವೇ.

ಬಿರುಗಾಳಿಯ ಮುನ್ನೆಚ್ಚರಿಕೆಯನ್ನು ತೆಗೆದುಕೊಳ್ಳಿ. ಓಕ್ಲಹೋಮದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ 2014ರಿಂದ ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಹೇಳುತ್ತದೆ: ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್, ಹೈ. ಇವು ಗುಣವಾಚಕಗಳು ನಿಜ, ಆದರೆ ಮಾಡುವ ಕೆಲಸ ಪ್ರಮಾಣ ಹೇಳುವುದು. ನಿಘಂಟು ನೋಡಿದರೆ ‘ಸ್ಲೈಟ್’ ಎಂದರೆ ಅತ್ಯಲ್ಪ, ‘ಮಾಡರೇಟ್’ ಎಂದರೆ ಮಧ್ಯಮ. ಈ ಮೆಟ್ಟಿಲಿನಲ್ಲಿ ‘ಮಾಡರೇಟ್’ ಕೊನೆಯದಕ್ಕೆ ಒಂದೇ ಮೆಟ್ಟಿಲು ಕೆಳಗೆ. ಆ ಪದ ಕೇಳಿದ ದಿನ ಕಾರ್ಯಕ್ರಮಗಳನ್ನು ಮುಂದೂಡಬೇಕು, ಮನೆಯ ಒಳಗಿನ ಕಿಟಕಿಯಿಲ್ಲದ ಕೋಣೆ ಯಾವುದೆಂದು ಎಲ್ಲರಿಗೂ ತಿಳಿದಿರಬೇಕು. ‘ಸ್ಲೈಟ್’ ಇದ್ದ ದಿನವೂ ಅಲ್ಲಲ್ಲಿ ಉಗ್ರವಾದ ಬಿರುಗಾಳಿ, ಆಲಿಕಲ್ಲು, ಸುಂಟರಗಾಳಿ ಸಾಧ್ಯ. ಆದ್ದರಿಂದ ಪದದ ಅರ್ಥ ಹುಡುಕಬೇಡಿ, ಐದರಲ್ಲಿ ಎಷ್ಟನೆಯದು ಎಂದು ಕೇಳಿ. 2019ರ ಅಕ್ಟೋಬರ್ 20ರ ಭಾನುವಾರ ರಾತ್ರಿ ಉತ್ತರ ಡಲ್ಲಾಸ್ ಮತ್ತು ರಿಚರ್ಡ್‌ಸನ್ ಭಾಗದಲ್ಲಿ ಇಎಫ್-3 ದರ್ಜೆಯ ಸುಂಟರಗಾಳಿ ಬೀಸಿತು. ಮನೆಗಳೂ ಶಾಲೆಗಳೂ ನೆಲಕಚ್ಚಿದವು, ಜೀವಹಾನಿಯಾಗಲಿಲ್ಲ. ಅದನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಪದಗಳು ಸಾಲದೆ ಹೋದ ಪ್ರಸಂಗವೂ ಇಲ್ಲಿಯೇ ನಡೆದಿದೆ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ ಪ್ರದೇಶದ ಮೇಲೆ ನಿಂತೇಬಿಟ್ಟಾಗ ನೀಡರ್‌ಲ್ಯಾಂಡ್ ಎಂಬಲ್ಲಿ 60.58 ಇಂಚು ಮಳೆ ದಾಖಲಾಯಿತು. ಹವಾಮಾನ ಇಲಾಖೆಯ ಮಳೆ ನಕ್ಷೆಯಲ್ಲಿ ಇದ್ದ ಬಣ್ಣಗಳೆಲ್ಲ ಮುಗಿದು, ಎರಡು ಹೊಸ ನೇರಳೆ ಛಾಯೆಗಳನ್ನು ಸೇರಿಸಬೇಕಾಯಿತು. ‘ಹೆವಿ’, ‘ವೆರಿ ಹೆವಿ’, ‘ಎಕ್ಸ್‌ಟ್ರೀಮ್’ ಎಲ್ಲವನ್ನೂ ಸಣ್ಣ ಮಳೆಗೇ ಖರ್ಚು ಮಾಡಿದ್ದರೆ ದೊಡ್ಡ ಮಳೆಗೆ ಉಳಿಯುವುದು ಬಣ್ಣವೊಂದೇ.

ಎರಡನೆಯದು ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರಕ್ಕೆ ಸೇರಿದ ದುಃಖದ ಪ್ರಸಂಗ. ಕರ್ನಾಲಿನಲ್ಲಿ ಹುಟ್ಟಿ, ಡಲ್ಲಾಸಿಗೆ ಹತ್ತಿರದ ಆರ್ಲಿಂಗ್ಟನ್ನಿನ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಮೇಲೇರಿತು. ಏರುವಾಗ ಹೊರಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಸಂಸ್ಥೆಯ ಎಂಜಿನಿಯರುಗಳು ಆ ಪೆಟ್ಟಿನ ಪರಿಣಾಮವನ್ನು ಲೆಕ್ಕಹಾಕಿ ನಾಸಾ ಅಧಿಕಾರಿಗಳ ಮುಂದೆ ಚಿತ್ರಫಲಕಗಳಲ್ಲಿ ಇಟ್ಟರು. ಫೆಬ್ರವರಿ 1ರ ಬೆಳಿಗ್ಗೆ ಹಿಂದಿರುಗುವಾಗ ನೌಕೆ ಟೆಕ್ಸಾಸಿನ ಆಕಾಶದಲ್ಲಿ ಒಡೆದು, ಏಳು ಮಂದಿಯೂ ತೀರಿಕೊಂಡರು. ನಕಡೋಚಸ್ ಸುತ್ತಮುತ್ತಲ ಪೂರ್ವ ಟೆಕ್ಸಾಸಿನ ಹೊಲ ಕಾಡುಗಳಲ್ಲಿ ಅವಶೇಷಗಳು ಬಿದ್ದವು.

ಅದೇ ವರ್ಷ ಆಗಸ್ಟ್‌ನಲ್ಲಿ ತನಿಖಾ ಮಂಡಳಿ ವರದಿ ಕೊಟ್ಟಿತು. ಅದರಲ್ಲಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಟಫ್ಟಿ ಅವರು ಆ ಫಲಕಗಳಲ್ಲಿ ಒಂದನ್ನು ಪರಿಶೀಲಿಸಿದ ಭಾಗವೂ ಸೇರಿದೆ. ಒಂದೇ ಫಲಕದಲ್ಲಿ ‘ಸಿಗ್ನಿಫಿಕೆಂಟ್’ ಮತ್ತು ‘ಸಿಗ್ನಿಫಿಕೆಂಟ್ಲಿ’ ಎಂಬ ಪದಗಳು ಒಟ್ಟು ಐದು ಸಲ ಬಂದಿದ್ದವು, ಐದು ಸಲವೂ ಒಂದೇ ಅರ್ಥವಿರಲಿಲ್ಲ. ಪರೀಕ್ಷೆಗಳ ಮಿತಿಯಿಂದ ಈ ಪೆಟ್ಟು ‘ಸಿಗ್ನಿಫಿಕೆಂಟ್ಲಿ’ ಹೊರಗಿದೆ ಎಂಬ ಮಾತಿನ ಹಿಂದೆ ಇದ್ದ ಸಂಖ್ಯೆ ಏನು ಗೊತ್ತೇ? ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ಫೋಮ್ ತುಂಡು 3 ಘನ ಇಂಚು. ರೆಕ್ಕೆಗೆ ಬಡಿದದ್ದರ ಅಂದಾಜು 1920 ಘನ ಇಂಚು. ಅಂದರೆ 640 ಪಟ್ಟು. ಆ ಸಂಖ್ಯೆಗಳು ಫಲಕದ ಕಟ್ಟಕಡೆಯ ಸಾಲಿನಲ್ಲಿದ್ದವು, ಭರವಸೆ ಕೊಡುವ ಶೀರ್ಷಿಕೆ ಮೇಲಿತ್ತು. ದುರಂತಕ್ಕೆ ಒಂದು ಪದ ಕಾರಣವೆಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಸಂಸ್ಥೆಯ ರೀತಿನೀತಿಗಳ ಬಗೆಗೆ ಮಂಡಳಿ ಹೇಳಿದ್ದು ಬಹಳವಿದೆ. ಆದರೆ 640 ಪಟ್ಟು ಎಂಬುದನ್ನು ಒಂದು ಕ್ರಿಯಾವಿಶೇಷಣದ ಸೆರಗಿನಲ್ಲಿ ಮುಚ್ಚಿಡಬಹುದೆಂಬುದನ್ನು ಇಲ್ಲಿ ಕುಳಿತಿರುವ ಎಂಜಿನಿಯರುಗಳು ಮರೆಯಬಾರದು. ಈ ಪದವನ್ನು ನಾವು ಕನ್ನಡದಲ್ಲಿ ‘ಗಣನೀಯವಾಗಿ’ ಎಂದು ಬರೆಯುತ್ತೇವೆ. ಗಣನೀಯ ಎಂದರೆ ಎಣಿಸಲು ತಕ್ಕದ್ದು. ತಕ್ಕದ್ದಾದ ಮೇಲೆ ಎಣಿಸಿಯೇ ಹೇಳಬಹುದಲ್ಲ!

ಮೂರನೆಯದು ನಮ್ಮ ಮನೆಗಳದೇ. ಊರಿನಿಂದ ಬಂದ ತಂದೆ ತಾಯಿಯರನ್ನು ವೈದ್ಯರ ಬಳಿ ಕರೆದೊಯ್ಯುವ ಕೆಲಸ ಇಲ್ಲಿ ಅನೇಕರಿಗೆ ಇದೆ. ಕನ್ನಡದ ‘ಸ್ವಲ್ಪ’ ಎಂಬುದು ಪ್ರಮಾಣದ ಪದ ಮಾತ್ರವಲ್ಲ, ವಿನಯದ ಪದ ಕೂಡ. ‘ಸ್ವಲ್ಪ ಬನ್ನಿ’ ಎಂದರೆ ಅರ್ಧ ದೂರ ಬನ್ನಿ ಎಂದಲ್ಲ. ‘ಸ್ವಲ್ಪ ಸಹಾಯ ಮಾಡಿ’ ಎನ್ನುವವರಿಗೆ ಬೇಕಾಗಿರುವುದು ಕೆಲವೊಮ್ಮೆ ಒಂದು ತಿಂಗಳ ದುಡಿಮೆ. ಈ ಸಂಸ್ಕಾರದಲ್ಲಿ ಬೆಳೆದ ಹಿರಿಯರು ಪರದೇಶದಲ್ಲಿ ಮಗಳು ಅಳಿಯನಿಗೆ ತೊಂದರೆಯಾಗದಿರಲಿ ಎಂದು ‘ಎದೆ ಸ್ವಲ್ಪ ಹಿಡಿದಂತಿದೆ’ ಎನ್ನುತ್ತಾರೆ. ಮಗಳು ನಿಷ್ಠೆಯಿಂದ ‘ಎ ಲಿಟಲ್’ ಎಂದು ಅನುವಾದಿಸುತ್ತಾಳೆ. ವ್ಯಾಕರಣ ಸರಿಯಾಯಿತು, ಅರ್ಥ ದಾರಿಯಲ್ಲೇ ಬಿದ್ದುಹೋಯಿತು. ಮಧುಮೇಹವುಳ್ಳವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತದ ನೋವು ನಿಜವಾಗಿಯೂ ಮಂದವಾಗಿರಬಹುದು ಎಂಬುದು ಇದರ ಮೇಲೆ ಇನ್ನೊಂದು ತೊಡಕು.

ಈ ತೊಡಕನ್ನು ಬಲ್ಲ ವೈದ್ಯರು ಪದವನ್ನು ಬಿಟ್ಟು ಅಂಕೆ ಕೇಳುತ್ತಾರೆ: ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು? ನಮ್ಮ ಹಿರಿಯರು ಅಲ್ಲಿಯೂ ವಿನಯ ಬಿಡುವುದಿಲ್ಲ. ಹತ್ತು ಎಂದರೆ ಅತಿಯಾಯಿತೆಂದು ನಾಲ್ಕು ಎನ್ನುತ್ತಾರೆ. ಹೀಗಾಗಿ ಅನುವಾದ ಮಾಡುವವರು ಕ್ರಿಯಾವಿಶೇಷಣವನ್ನು ನಂಬದೆ ಸಂಗತಿಯನ್ನು ಹೇಳಬೇಕು. ರಾತ್ರಿ ಎಷ್ಟು ಸಲ ಎದ್ದರು, ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತರು, ನಿನ್ನೆ ಏನು ಉಂಡರು, ಇದೇ ನೋವು ಮೊದಲು ಬಂದದ್ದು ಎಂದು. ಇವಕ್ಕೆ ವಿನಯ ಅಂಟುವುದಿಲ್ಲ. ಎದೆ ಹಿಡಿದುಕೊಂಡಿದೆ ಎಂದಾಗ ‘ಸ್ವಲ್ಪ’ವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 911ಕ್ಕೆ ಕರೆ ಮಾಡಿ.

‘ಲಿಟಲ್’ ಪದದ ಮುಂದಿರುವ ಒಂದು ‘ಎ’ ಅಕ್ಷರವೂ ಆಸ್ಪತ್ರೆಯಲ್ಲಿ ದೊಡ್ಡ ಸಂಗತಿ. ‘ಅವರು ಎ ಲಿಟಲ್ ಉಂಡಿದ್ದಾರೆ’ ಎಂದರೆ ಸ್ವಲ್ಪ ಉಂಡಿದ್ದಾರೆ, ಸಮಾಧಾನದ ಮಾತು. ‘ಲಿಟಲ್ ಉಂಡಿದ್ದಾರೆ’ ಎಂದರೆ ಉಂಡೇ ಇಲ್ಲವೆನ್ನಬಹುದು, ಕಳವಳದ ಮಾತು. ‘ಎ ಫ್ಯೂ’ ಮತ್ತು ‘ಫ್ಯೂ’ ಕೂಡ ಹಾಗೆಯೇ. ಕನ್ನಡದಲ್ಲಿ ಇಂಥ ಉಪಪದವಿಲ್ಲದ್ದರಿಂದ ಆ ‘ಎ’ ನಮ್ಮ ಬಾಯಿಂದ ಸುಲಭವಾಗಿ ಜಾರುತ್ತದೆ. ಸಂಶಯವಿದ್ದರೆ ಎರಡನ್ನೂ ಬಿಟ್ಟು ‘ಎರಡು ತುತ್ತು’ ಎಂದೇ ಹೇಳಿ. ಇನ್ನೊಂದು ಮಾತು. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯ ನೆರವನ್ನು ಉಚಿತವಾಗಿ ಕೊಡಬೇಕೆಂದು 1964ರ ನಾಗರಿಕ ಹಕ್ಕುಗಳ ಕಾಯಿದೆ ಮತ್ತು 2010ರ ಆರೋಗ್ಯ ಕಾಯಿದೆಗಳ ಆಧಾರದ ಮೇಲೆ ನಿಯಮಗಳಿವೆ. ಬಹಳ ಸಲ ಅದು ದೂರವಾಣಿಯ ಮೂಲಕ ಆಗುತ್ತದೆ. ಕನ್ನಡ ಬೇಕೆಂದು ಕೇಳಿ. ಕೇಳಲು ಸಂಕೋಚಪಟ್ಟು, ಹತ್ತು ವರ್ಷದ ಮೊಮ್ಮಗನ ಬಾಯಲ್ಲಿ ಅಜ್ಜಿಯ ಕಾಯಿಲೆಯನ್ನು ಹೇಳಿಸಬೇಡಿ. ಅವನಿಗೆ ಗೊತ್ತಿರುವ ಕನ್ನಡದಲ್ಲಿ ‘ತುಂಬ’ ಮತ್ತು ‘ಸ್ವಲ್ಪ’ ಎಂಬ ಎರಡೇ ಮೆಟ್ಟಿಲುಗಳಿರುತ್ತವೆ.

ಅದೇ ನನ್ನ ಕೊನೆಯ ಮಾತಿಗೆ ದಾರಿ. ನಾವು ಇಂಗ್ಲಿಷಿನ ಮೆಟ್ಟಿಲುಗಳನ್ನು ಎಣಿಸಿಕೊಳ್ಳುತ್ತಿರುವಾಗ ಮಕ್ಕಳ ಕನ್ನಡದ ಮೆಟ್ಟಿಲುಗಳು ಒಂದೊಂದಾಗಿ ಕಳಚುತ್ತಿವೆ. ಕನ್ನಡ ಕಲಿಸುವ ಭಾನುವಾರದ ತರಗತಿಗಳಲ್ಲಿ ಕುಳಿತು ನೋಡಿದ್ದೇನೆ. ‘ತುಂಬ ಹೊಸ’, ‘ತುಂಬ ಕತ್ತಲೆ’, ‘ತುಂಬ ಬೆಳಿಗ್ಗೆ’ ಎಂದು ಇಂಗ್ಲಿಷಿನ ‘ವೆರಿ’ಯನ್ನು ಕನ್ನಡದ ಅಂಗಿ ತೊಡಿಸಿ ಎಲ್ಲೆಡೆ ನಿಲ್ಲಿಸುತ್ತಾರೆ. ಕನ್ನಡವು ಪ್ರಮಾಣವನ್ನು ಹೇಳಲು ಬೇರೊಂದು ಪದವನ್ನು ಎದುರು ನೋಡುವುದಕ್ಕಿಂತ ಪದದ ತಲೆಯನ್ನೇ ಬಾರಿಸಿ ಎರಡು ಮಾಡುತ್ತದೆ: ಹೊಚ್ಚಹೊಸ, ಕಟ್ಟಕಡೆ, ತುತ್ತತುದಿ, ನಟ್ಟನಡುವೆ, ಮೊತ್ತಮೊದಲು, ಬಟ್ಟಬಯಲು. ಹೊತ್ತು ಹೇಳುವಾಗ ಬೆಳ್ಳಂಬೆಳಗ್ಗೆ, ಮಟಮಟ ಮಧ್ಯಾಹ್ನ. ಕತ್ತಲೆಗೆ ಕಗ್ಗತ್ತಲೆ. ನೀರಿನ ಶಾಖಕ್ಕಂತೂ ತಣ್ಣಗೆ, ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಬಿಸಿಬಿಸಿ, ಸುಡುಸುಡು, ಕೊತಕೊತ ಎಂದು ಥರ್ಮಾಮೀಟರಿಗೆ ಸಮನಾದ ಏಣಿಯಿದೆ. ‘ಉಗುರುಬೆಚ್ಚಗೆ’ ಎಂಬ ಪದವನ್ನು ಕಟ್ಟಿದಾಕೆ ಯಾವುದೋ ಕೂಸಿಗೆ ಸ್ನಾನ ಮಾಡಿಸುತ್ತಿದ್ದಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಹಾಗಾಗಿ ಮುಂದಿನ ಸಾಲಿನ ಮಕ್ಕಳಿಗೆ ಒಂದು ಆಟ. ಇಂದು ಊಟ ಮುಗಿಯುವವರೆಗೆ ಯಾರೂ ‘ತುಂಬ’ ಎನ್ನಬಾರದು, ‘ವೆರಿ’ಯೂ ಬೇಡ. ಸಾರು ಹೇಗಿದೆ, ಒಬ್ಬಟ್ಟು ಎಷ್ಟು ಸಿಹಿ, ಈ ಭಾಷಣ ಎಷ್ಟು ಉದ್ದ ಎಂದು ಬೇರೆ ಪದಗಳಲ್ಲಿ ಹೇಳಬೇಕು. ದೊಡ್ಡವರು ಎಣಿಸಿ, ಸೋತವರು ಪಾತ್ರೆ ತೊಳೆಯಲಿ. ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲೇ ಕೇಳಬಹುದು, ನಾನೂ ಅಲ್ಲಿಯೇ ನಿಂತಿರುತ್ತೇನೆ.